ಲೆಕ್ಕದ ಹಾಳೆಗೆ ಕೋಳಿಯ ಕಾಲೂ ಬರಲಿ

ಒಂದು ಬ್ಯಾಚ್ ಕೋಳಿಯನ್ನು ಲಾರಿಗೆ ಎತ್ತಿದ ಮೇಲೆ, ಅವನ್ನು ಸಾಕಲು ಕೊಟ್ಟ ಕಂಪನಿಯಿಂದ ನಮಗೊಂದು ಹಾಳೆ ಬರುತ್ತೆ. ಎಷ್ಟು ಮರಿ ಇಳಿಸಿದರು, ಎಷ್ಟು ಸತ್ತವು, ಎಷ್ಟು ಮೂಟೆ ಫೀಡ್ ಹೋಯಿತು, ಔಷಧಿಗೆ ಎಷ್ಟಾಯಿತು, ಲಾರಿಗೆ ಹತ್ತಿಸಿದ ತೂಕ ಎಷ್ಟು, ಕೋಳಿಯ ಸರಾಸರಿ ತೂಕ ಎಷ್ಟು, ಒಂದು ಕೆಜಿ ಮೈ ಬರಲು ಎಷ್ಟು ಕೆಜಿ ಮೇವು ತಿಂದಿತು, ಎಲ್ಲವೂ ಪಾಯಿಂಟ್ ಸಮೇತ ಇರುತ್ತೆ. ಕೊನೇ ಸಾಲಿನಲ್ಲಿ ನಮ್ಮ ಕೂಲಿ. ಆ ಕೋಳಿಗಳು ಕೊನೇ ವಾರದಲ್ಲಿ ನಡೆಯುತ್ತಿದ್ದವಾ, ಪಾದ ಹುಣ್ಣಾಗಿತ್ತಾ, ಲಾರಿಗೆ ಹತ್ತಿಸುವಾಗ ಎಷ್ಟರ ರೆಕ್ಕೆ ಮುರಿಯಿತು, ಇದಕ್ಕೆ ಮಾತ್ರ ಒಂದು ಕಾಲಂ ಕೂಡ ಇಲ್ಲ. ಮಾಂಸದ ಕೋಳಿಯ ಬಾಳು ಸುಧಾರಿಸಬೇಕು ಅಂತ ಯಾರಾದರೂ ಮನಸ್ಸಿನಿಂದ ಬಯಸಿದರೆ, ಆ ಹಾಳೆಯಿಂದಲೇ ಶುರು ಮಾಡಬೇಕು ಅನ್ನೋದು ನನ್ನ ಮಾತು.

ನಮ್ಮದು ತಮಿಳುನಾಡಿನ ಡೆಂಕಣಿಕೋಟೆ ತಾಲ್ಲೂಕು, ತಳಿ ಅನ್ನುವ ಊರಿನ ಕಡೆಯ ಹಳ್ಳಿ. ಕಚೇರಿ ಕಾಗದವೆಲ್ಲ ತಮಿಳು, ಸಂತೆಯಲ್ಲಿ ತೆಲುಗು ಕನ್ನಡ ಎರಡೂ, ಮನೆಯೊಳಗೆ ಕನ್ನಡ. ಹೊಸೂರು ಸೀಮೆ ಎತ್ತರದ ಜಾಗ, ಬಿಸಿಲು ಕೆಳಗಿನ ಕೃಷ್ಣಗಿರಿ, ಧರ್ಮಪುರಿಯಷ್ಟು ಇಲ್ಲ. ಬೆಂಗಳೂರೂ ಹತ್ತಿರ. ಕೋಳಿ ಕಂಪನಿಗಳಿಗೆ ಎರಡೂ ಅನುಕೂಲ. ಮೊದಲು ನಾವು ರಾಗಿ, ಟೊಮೆಟೊ, ಬೀನ್ಸ್ ನಂಬಿಕೊಂಡಿದ್ದವರು. ಟೊಮೆಟೊ ರೇಟು ನಂಬಿ ಮಕ್ಕಳನ್ನು ಓದಿಸುವುದಕ್ಕಾಗಲ್ಲ ಅಂತ ಸಾಲ ಮಾಡಿ ಶೆಡ್ಡು ಕಟ್ಟಿಸಿದೆವು. ಇಪ್ಪತ್ತೈದು ಅಡಿ ಅಗಲ, ಇನ್ನೂರು ಅಡಿ ಉದ್ದ, ಪೂರ್ವ ಪಶ್ಚಿಮವಾಗಿ. ಪಕ್ಕದ ಗೋಡೆ ಒಂದಡಿ, ಅದರ ಮೇಲೆ ಜಾಲರಿ. ಐದು ಸಾವಿರ ಕೋಳಿ. ಯಜಮಾನರು ಹೊಲ, ಹಸು ನೋಡಿಕೊಳ್ಳುತ್ತಾರೆ. ಶೆಡ್ಡು ನನ್ನದು.

ಒಪ್ಪಂದದ ಸಾಕಾಣಿಕೆ ಹೇಗೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೀನಿ. ಮರಿ ಕಂಪನಿಯದು, ಫೀಡ್ ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ನೀರು, ಕೆಳಗೆ ಹಾಸುವ ತೆಂಗಿನ ನಾರಿನ ಪುಡಿ, ಮರಿಗೆ ಶಾಖ ಕೊಡುವ ಇದ್ದಿಲು, ಕೂಲಿ ಆಳು ನಮ್ಮದು. ಕೋಳಿ ಎರಡು ಕೆಜಿ ದಾಟಿದಾಗ ಅವರೇ ಬಂದು ಎತ್ತಿಕೊಂಡು ಹೋಗುತ್ತಾರೆ. ನಮಗೆ ಕೆಜಿಗೆ ಇಷ್ಟು ಅಂತ ಸಾಕುವ ಕೂಲಿ, ನಮ್ಮ ಒಪ್ಪಂದದಲ್ಲಿ ಆರೂವರೆ ರೂಪಾಯಿ. ಮೇವು ಹೆಚ್ಚು ಖರ್ಚಾದರೆ ಅದರಲ್ಲಿ ಕಡಿತ, ಕಮ್ಮಿ ಖರ್ಚಾದರೆ ಸ್ವಲ್ಪ ಸೇರ್ಪಡೆ. ಅಂದರೆ ತೂಕಕ್ಕೆ ದುಡ್ಡು. ಕೋಳಿ ಹೇಗೆ ಬದುಕಿತು ಅನ್ನೋದಕ್ಕೆ ದುಡ್ಡಿಲ್ಲ, ಅದು ತೂಕದಲ್ಲಿ ಕಾಣಿಸಿಕೊಂಡರೆ ಮಾತ್ರ ಉಂಟು.

ಕೋಳಿಯ ಸಂಕಟ ಎಷ್ಟೋ ಸಲ ತೂಕದಲ್ಲಿ ಕಾಣಿಸಿಕೊಳ್ಳೋದೇ ಇಲ್ಲ, ಕಷ್ಟ ಇರೋದು ಅಲ್ಲೇ.

ಮರಿ ಬಂದಾಗ ನಲವತ್ತು, ನಲವತ್ತೈದು ಗ್ರಾಂ ಇರುತ್ತೆ. ಆರು ವಾರ ತುಂಬುವ ಮೊದಲೇ ಎರಡು ಕೆಜಿ ದಾಟುತ್ತೆ. ನಮ್ಮ ಅತ್ತೆ ಸಾಕುವ ನಾಟಿ ಕೋಳಿ ಅಷ್ಟು ದಿನದಲ್ಲಿ ಇನ್ನೂ ತಾಯಿಯ ಹಿಂದೆ ಕೀಚ್ ಕೀಚ್ ಅಂತ ಓಡಾಡುತ್ತಿರುತ್ತೆ. ಫೀಡ್ ಒಳ್ಳೇದು ಅದಕ್ಕೇ ಹಂಗೆ ಬೆಳೆಯುತ್ತೆ ಅಂತ ಊರಲ್ಲಿ ತುಂಬ ಜನ ತಿಳಿದಿದ್ದಾರೆ. ಇಂಜೆಕ್ಷನ್ ಹಾಕ್ತಾರೆ ಅಂತ ಇನ್ನಷ್ಟು ಜನ. ಬೆಳೆಸುವ ಇಂಜೆಕ್ಷನ್ ಯಾವುದೂ ಇಲ್ಲ. ಬೆಳವಣಿಗೆ ಇರೋದು ತಳಿಯಲ್ಲಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 1978ರ ತಳಿ, 2005ರ ತಳಿ, ಮೂರನ್ನೂ ಒಟ್ಟಿಗೆ ಒಂದೇ ಮೇವು ಹಾಕಿ ಬೆಳೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ. ಮೇವು ಒಂದೇ, ದಿನ ಒಂದೇ. ಎದೆಯ ಮಾಂಸಕ್ಕೋಸ್ಕರ ಪೀಳಿಗೆ ಪೀಳಿಗೆ ಆರಿಸಿ ಆರಿಸಿ ತೆಗೆದ ಹಕ್ಕಿ ಇದು. ಎದೆ ಮುಂದಕ್ಕೆ ಬಂತು, ಮೈಭಾರ ಮುಂದಕ್ಕೆ ವಾಲಿತು, ಅದನ್ನು ಹೊರುವ ಕಾಲು ಮಾತ್ರ ಆರು ವಾರದ ಮರಿಯ ಕಾಲೇ.

ನಾಲ್ಕನೇ ವಾರ ಕಳೆದ ಮೇಲೆ ಶೆಡ್ಡಿಗೆ ಹೋದರೆ ಗೊತ್ತಾಗುತ್ತೆ. ಎರಡನೇ ವಾರದಲ್ಲಿ ನಾನು ಒಳಗೆ ಕಾಲಿಟ್ಟರೆ ಮರಿಗಳು ದಡದಡ ಓಡುತ್ತವೆ, ಒಂದರ ಮೇಲೊಂದು ಹಾರಿ ಜಗಳಕ್ಕೆ ನಿಲ್ಲುತ್ತವೆ, ರೆಕ್ಕೆ ಬಿಚ್ಚಿ ಪಟಪಟ ಅನ್ನಿಸುತ್ತವೆ. ನೋಡುವುದಕ್ಕೆ ಅಷ್ಟು ಖುಷಿ. ಐದನೇ ವಾರದಲ್ಲಿ ಅವೇ ಕೋಳಿಗಳು ಎದ್ದು ನಾಲ್ಕು ಹೆಜ್ಜೆ ಹಾಕಿ ಕೂರುತ್ತವೆ. ಕೆಲವು ರೆಕ್ಕೆ ಊರಿಕೊಂಡು ತೆವಳುತ್ತವೆ. ಫೀಡರ್ ಪಕ್ಕದಲ್ಲೇ ಕೂತು ಕೂತಲ್ಲೇ ತಿನ್ನುತ್ತವೆ. ಕಂಪನಿಯ ಸೂಪರ್‌ವೈಸರ್ ಬಂದು ನೋಡಿದರೆ, ‘ನಲ್ಲಾ ವೆಯಿಟ್ ವಂದಿರುಕ್ಕು ಅಕ್ಕಾ’ ಅಂತಾನೆ. ತೂಕ ಚೆನ್ನಾಗಿ ಬಂದಿದೆ, ಅದು ನಿಜ. ಅವನನ್ನು ನಾನು ಬೈಯಲ್ಲ. ಧರ್ಮಪುರಿ ಕಡೆಯ ಹುಡುಗ, ದಿನಕ್ಕೆ ಎಷ್ಟೋ ಫಾರಂ ಸುತ್ತಬೇಕು, ಅವನ ಕೈಯಲ್ಲಿರುವ ಹಾಳೆಯಲ್ಲೂ ಕಾಲಿಗೆ ಕಾಲಂ ಇಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕೋಳಿಯ ನಡಿಗೆಗೆ ಅಂಕ ಕೊಡುವ ಪದ್ಧತಿ ಮಾಡಿದ್ದಾರೆ. ಚೆನ್ನಾಗಿ ನಡೆದರೆ 0, ನಿಲ್ಲುವುದಕ್ಕೇ ಆಗದಿದ್ದರೆ 5. ಆ ಪದ್ಧತಿಯಲ್ಲಿ 51 ಸಾವಿರ ಕೋಳಿಗಳನ್ನು ನೋಡಿ 2008ರಲ್ಲಿ ವರದಿ ಕೊಟ್ಟರು. ಸರಾಸರಿ 40 ದಿನದ ವಯಸ್ಸಿಗೆ ಶೇಕಡಾ 27.6ರಷ್ಟು ಕೋಳಿಗಳ ನಡಿಗೆ ಕೆಟ್ಟಿತ್ತು, ಶೇಕಡಾ 3.3ರಷ್ಟು ಹೆಚ್ಚು ಕಡಿಮೆ ನಡೆಯಲಾರದ ಸ್ಥಿತಿಯಲ್ಲಿದ್ದವು. ಅಲ್ಲಿಯವರೇ 2000ದಲ್ಲಿ ಮಾಡಿದ ಇನ್ನೊಂದು ಪ್ರಯೋಗ ಓದಿದ ದಿನ ನನಗೆ ಊಟ ಸೇರಲಿಲ್ಲ. ಎರಡು ಬಣ್ಣದ ಮೇವು ಇಟ್ಟರು, ಒಂದರಲ್ಲಿ ನೋವಿನ ಔಷಧಿ ಬೆರೆಸಿದ್ದರು. ಕುಂಟುವ ಕೋಳಿಗಳು ಔಷಧಿ ಇದ್ದ ಮೇವನ್ನೇ ಹೆಚ್ಚು ಆರಿಸಿಕೊಂಡವು. ಕುಂಟು ಜಾಸ್ತಿಯಾದಷ್ಟೂ ಆ ಮೇವನ್ನು ತಿಂದದ್ದೂ ಜಾಸ್ತಿ. ಕೋಳಿಗೆ ನೋವು ಗೊತ್ತಾಗುತ್ತಾ ಅಂತ ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ. ನೋವಾಗುತ್ತಿದೆ ಅಂತ ಅವು ತಾವೇ ಹೇಳಿದವು.

‘ಹೆಂಗಿದ್ದರೂ ಕೊಯ್ಯೋಕೇ ತಾನೇ ಸಾಕೋದು?’ ಅಂತ ನಮ್ಮ ಮೈದುನ ಕೇಳುತ್ತಾನೆ. ಊರಲ್ಲಿ ಬಹಳ ಜನ ಕೇಳೋದೂ ಇದನ್ನೇ. ಹೌದು, ಕೊಯ್ಯೋಕೇ. ಆದರೆ ಕೊಯ್ಯೋದು ಒಂದು ಗಳಿಗೆ. ಅದಕ್ಕೆ ಮುಂಚಿನ ಐದಾರು ವಾರ ಅದರ ಇಡೀ ಜೀವಮಾನ. ಆ ಜೀವಮಾನ ನನ್ನ ಕೈಯಲ್ಲಿರುತ್ತೆ, ನನ್ನ ಮನೆ ಅದರ ಮೇಲೆ ನಡೆಯುತ್ತೆ. ನಾವು ಮನೆಯಲ್ಲಿ ಕೋಳಿ ತಿನ್ನುವವರು. ತಿನ್ನುವವರೇ ಈ ಮಾತು ಆಡಬೇಕು ಅಂತ ನನಗೆ ಅನ್ನಿಸುತ್ತೆ. ಕೋಳಿ ಸಾಕೋದನ್ನೇ ಬಿಡಿ ಅಂತ ಹೇಳುವವರ ಮೇಲೂ ನನಗೆ ಗೌರವ ಇದೆ. ಆದರೆ ಈ ದೇಶದಲ್ಲಿ ತಯಾರಾಗುವ ಮಾಂಸದಲ್ಲಿ ಹೆಚ್ಚು ಕಡಿಮೆ ಅರ್ಧ ಕೋಳಿಯದು. 2019ರ ಜಾನುವಾರು ಗಣತಿಯಲ್ಲಿ ತಮಿಳುನಾಡು ಒಂದರಲ್ಲೇ 12 ಕೋಟಿಗೂ ಮೇಲ್ಪಟ್ಟು ಕೋಳಿಗಳಿದ್ದವು, ದೇಶದಲ್ಲೇ ಮೊದಲ ಸ್ಥಾನ. ಇವತ್ತು ರಾತ್ರಿ ಶೆಡ್ಡಿನಲ್ಲಿ ಇರುವ ಕೋಳಿಗೆ ಇವತ್ತೇ ಏನಾದರೂ ಆಗಬೇಕು.

ನನ್ನ ಕೈಯಲ್ಲಿ ಇರೋದು ಮೊದಲನೆಯದಾಗಿ ನೆಲ. ಕೋಳಿ ಹುಟ್ಟಿದ ಮಾರನೆ ದಿನದಿಂದ ಲಾರಿ ಹತ್ತುವವರೆಗೆ ಒಂದೇ ಹಾಸಿನ ಮೇಲೆ ಇರುತ್ತೆ. ಅದರ ಮೇಲೇ ಹಿಕ್ಕೆ ಹಾಕುತ್ತೆ, ಅದರ ಮೇಲೇ ಮಲಗುತ್ತೆ. ನಾರಿನ ಪುಡಿ ಒಣಗಿದ್ದರೆ ಹಿಕ್ಕೆಯನ್ನು ಹೀರಿಕೊಂಡು ಪುಡಿಯಾಗಿ ಬಿಡುತ್ತೆ. ಕೋಳಿ ನೀರು ಕುಡಿಯುವ ನಿಪ್ಪಲ್ ತೊಟ್ಟಿಕ್ಕಿದರೆ, ಮಳೆ ಇರಚಲು ಹೊಡೆದರೆ, ಗಾಳಿ ಆಡದಿದ್ದರೆ ಹೆಂಟೆಗಟ್ಟಿ ಮೇಲೆ ಕರೀ ಪದರ ಕೂತುಬಿಡುತ್ತೆ. ಆಗ ಅಮೋನಿಯಾ ಏಳುತ್ತೆ. ಬೆಳಗ್ಗೆ ಪರದೆ ಎತ್ತುವಾಗ ನಿಮ್ಮ ಕಣ್ಣು ಉರಿದರೆ, ನೆಲದಿಂದ ಅರ್ಧ ಅಡಿ ಮೇಲೆ ಮೂಗಿಟ್ಟುಕೊಂಡು ರಾತ್ರಿ ಕಳೆದ ಕೋಳಿಗೆ ಹೇಗಿರಬೇಡ? ಆ ಒದ್ದೆ ಪದರದ ಮೇಲೆ ನಿಂತ ಕೋಳಿಯ ಅಂಗಾಲು ಮೊದಲು ಕಂದಾಗುತ್ತೆ, ಆಮೇಲೆ ಸುಟ್ಟಂತೆ ಕಪ್ಪಾಗಿ ಹುಣ್ಣಾಗುತ್ತೆ. ಕಾಲು ನೋವು ಅಂತ ಕೂತರೆ ಮಂಡಿಗೂ ಎದೆಗೂ ಅದೇ ಗತಿ. ಅಂಗಡಿಯಲ್ಲಿ ಕೋಳಿ ಕೊಳ್ಳುವಾಗ ಮಂಡಿಯ ಹತ್ತಿರ ಕಂದು ಕಲೆ ನೋಡಿದ್ದೀರಾ? ಅದು ಈ ಸುಟ್ಟ ಗಾಯವೇ.

ಆಕ್ಸ್‌ಫರ್ಡಿನ ವಿಜ್ಞಾನಿ ಮೇರಿಯನ್ ಡಾಕಿನ್ಸ್ ಮತ್ತು ಅವರ ಜೊತೆಯವರು ಹತ್ತು ಕಂಪನಿಗಳ 27 ಲಕ್ಷ ಕೋಳಿಗಳನ್ನು ಗಮನಿಸಿ 2004ರಲ್ಲಿ ಬರೆದದ್ದು ನನ್ನಂಥವರಿಗೆ ಧೈರ್ಯ ಕೊಡುವ ಮಾತು. ಒಂದು ಅಡಿ ಜಾಗದಲ್ಲಿ ಎಷ್ಟು ಕೋಳಿ ಅನ್ನೋದಕ್ಕಿಂತ ಹಾಸು ಎಷ್ಟು ಒಣಗಿದೆ, ಗಾಳಿ ಹೇಗಿದೆ, ಶಾಖ ಎಷ್ಟಿದೆ ಅನ್ನೋದೇ ಕೋಳಿಯ ಸುಖವನ್ನು ಹೆಚ್ಚು ತೀರ್ಮಾನಿಸುತ್ತೆ ಅಂತ ಅವರು ಕಂಡುಕೊಂಡರು. ತೀರಾ ಒತ್ತಾದರೆ ನಡಿಗೆ ಕೆಡುತ್ತೆ, ಅದನ್ನೂ ಹೇಳಿದ್ದಾರೆ. ಅಂದರೆ ಸಾಕುವವಳ ಕೈಯಲ್ಲಿ ಎಷ್ಟೋ ಇದೆ. ದಿನಾ ಬೆಳಗ್ಗೆ ಹಾಸು ಕೆದಕೋದು, ಹೆಂಟೆ ತೆಗೆದು ಹೊರಗೆ ಹಾಕೋದು, ಒದ್ದೆ ಆದ ಕಡೆ ಸುಣ್ಣ ಬೆರೆಸಿದ ಹೊಸ ಪುಡಿ ಹಾಕೋದು, ನಿಪ್ಪಲ್ ಎತ್ತರವನ್ನು ಕೋಳಿ ಬೆಳೆದ ಹಾಗೆ ಏರಿಸೋದು. ಕೈ ಮುಷ್ಟಿಯಲ್ಲಿ ಪುಡಿ ಹಿಡಿದು ಹಿಂಡಿದರೆ ಉಂಡೆ ಕಟ್ಟಬಾರದು, ಬಿಟ್ಟ ತಕ್ಷಣ ಉದುರಬೇಕು. ನಮ್ಮ ಊರಲ್ಲಿ ಈ ಕೆಲಸ ಮಾಡುವವರು ಹೆಂಗಸರೇ. ಸೊಂಟ ಮುರಿಯುವ ಕೆಲಸ. ಕಂಪನಿಯ ಹಾಳೆಯಲ್ಲಿ ಇದಕ್ಕೆ ಬಿಡಿಗಾಸು ಇಲ್ಲ. ಒಣ ಹಾಸಿಗೆ ಹೆಚ್ಚು ಪುಡಿ ಕೊಂಡರೆ ಆ ಖರ್ಚೂ ನಮ್ಮ ತಲೆ ಮೇಲೆಯೇ.

ಸ್ವೀಡನ್ನಿನವರು ಇದನ್ನು ಬೇರೆ ತರ ಮಾಡಿದರು. 1994ರಿಂದ ಅಲ್ಲಿ ಕಸಾಯಿಖಾನೆಯಲ್ಲೇ ಪ್ರತಿ ಹಿಂಡಿನ ಪಾದ ನೋಡಿ ಅಂಕ ಹಾಕುತ್ತಾರೆ. ಪಾದ ಚೆನ್ನಾಗಿದ್ದರೆ ಆ ಸಾಕಣೆದಾರ ಹೆಚ್ಚು ಕೋಳಿ ಬಿಡಬಹುದು, ಕೆಟ್ಟಿದ್ದರೆ ಮುಂದಿನ ಹಿಂಡಿಗೆ ಸಂಖ್ಯೆ ಇಳಿಸಬೇಕು, ಜೊತೆಗೆ ಸಲಹೆಗಾರ ಬಂದು ಎಲ್ಲಿ ತಪ್ಪುತ್ತಿದೆ ಅಂತ ತೋರಿಸಿಕೊಡುತ್ತಾನೆ. ಡೆನ್ಮಾರ್ಕಿನವರೂ 2002ರಿಂದ ಪಾದ ನೋಡಲು ಶುರು ಮಾಡಿದರು. ಹುಣ್ಣು ಕಡಿಮೆಯಾಯಿತು. ಪಾದಕ್ಕೂ ಒಂದು ಅಂಕ ಇದೆ ಅಂದ ಮೇಲೆ ಎಲ್ಲರೂ ಪಾದ ನೋಡುತ್ತಾರೆ. ನಾನು ಕೇಳೋದೂ ಇದನ್ನೇ. ಎಫ್‌ಸಿಆರ್, ಅಂದರೆ ಒಂದು ಕೆಜಿ ಮೈಗೆ ತಿಂದ ಮೇವಿನ ಲೆಕ್ಕ, ಚೆನ್ನಾಗಿದ್ದರೆ ಸೇರ್ಪಡೆ ಕೊಡುತ್ತೀರಲ್ಲ, ಪಾದ ಚೆನ್ನಾಗಿದ್ದರೂ ಕೊಡಿ.

ಜಾಗದ ವಿಷಯ ಬಂದಾಗ ಒಂದು ಲೆಕ್ಕ ಹಾಕಿ ನೋಡಿದೆ. ಯುರೋಪಿನ 2007ರ ನಿಯಮದ ಪ್ರಕಾರ ಒಂದು ಚದರ ಮೀಟರಿಗೆ 33 ಕೆಜಿ ಕೋಳಿ ಮಿತಿ. ಒಳ್ಳೆ ವ್ಯವಸ್ಥೆ ಇದ್ದರೆ 39, ಇನ್ನೂ ಕೆಲವು ಷರತ್ತು ಪೂರೈಸಿದರೆ 42. ಅಲ್ಲಿನ ಪ್ರಾಣಿ ದಯಾ ಸಂಘಟನೆಗಳು ಕಂಪನಿಗಳಿಂದ ಮಾತು ತೆಗೆದುಕೊಳ್ಳುತ್ತಿರುವ ಕೋಳಿ ಒಡಂಬಡಿಕೆಯಲ್ಲಿ ಅದು 30. ನಮ್ಮಲ್ಲಿ ಒಂದು ಕೋಳಿಗೆ ಒಂದು ಚದರ ಅಡಿ ಅನ್ನೋದು ಹಳೇ ರೂಢಿ. ಎರಡು ಕೆಜಿ ಚಿಲ್ಲರೆ ಕೋಳಿ ಅಂದರೆ ಚದರ ಮೀಟರಿಗೆ 23 ಕೆಜಿ ಆಸುಪಾಸು. ಕಾಗದದ ಮೇಲೆ ನಾವೇ ವಾಸಿ. ಆದರೆ ಅಲ್ಲಿ ಫ್ಯಾನು, ಶಾಖ ನಿಯಂತ್ರಣ ಎಲ್ಲ ಇರುವ ಮುಚ್ಚಿದ ಶೆಡ್ಡು. ನಮ್ಮದು ತೆರೆದ ಶೆಡ್ಡು, ಮೇಲೆ ಶೀಟು. ಕೋಳಿಗೆ ಬೆವರು ಗ್ರಂಥಿ ಇಲ್ಲ, ಬಿಸಿಲಲ್ಲಿ ಬಾಯಿ ತೆರೆದು ತೇಕೋದೇ ಮುಖ್ಯ ದಾರಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಶೆಡ್ಡಿನಲ್ಲಿ ನಿಂತರೆ ಐದು ಸಾವಿರ ಬಾಯಿ ತೇಕುವ ಸದ್ದು ಕೇಳುತ್ತೆ. ಆಗ ಅಕ್ಕಪಕ್ಕ ಒತ್ತಿ ಕೂತ ಕೋಳಿಗಳ ಮೈಶಾಖ ಹೊರಗೆ ಹೋಗಲು ದಾರಿಯೇ ಇರಲ್ಲ. ಶೀಟಿನ ಮೇಲೆ ತೆಂಗಿನ ಗರಿ ಹಾಕಿ ನೀರು ಬಿಡುತ್ತೀವಿ, ಹತ್ತು ಗಂಟೆಗೆ ಫೀಡರ್ ಎತ್ತಿ ಸಂಜೆ ಇಳಿಸುತ್ತೀವಿ. ಅಷ್ಟು ಮಾಡಿದರೂ ಬೇಸಿಗೆಯಲ್ಲಿ ಒಂದು ಅಡಿ ಸಾಲದು. ಈಗ ಬರುತ್ತಿರುವ, ಶಾಖ ಗಾಳಿ ಎಲ್ಲ ಯಂತ್ರದಲ್ಲೇ ನಿಯಂತ್ರಿಸುವ ಮುಚ್ಚಿದ ಇಸಿ ಶೆಡ್ಡುಗಳಲ್ಲಿ ಅಡಿಗೆ ಒಂದಕ್ಕಿಂತ ಜಾಸ್ತಿಯೇ ಬಿಡುತ್ತಾರೆ. ಮುಕ್ಕಾಲು ಅಡಿಗಿಂತ ಇಳಿದರೆ ನಾವೂ ಯುರೋಪಿನ ಮಿತಿಯ ಹತ್ತಿರಕ್ಕೆ ಹೋದ ಹಾಗೇ, ಆದರೆ ಅಲ್ಲಿನ ಹಾಗೆ ಅಳೆದು ನೋಡುವ ಅಧಿಕಾರಿ ಇಲ್ಲಿ ಇಲ್ಲ.

ನಮ್ಮ ಶೆಡ್ಡಿಗೆ ಐದು ಸಾವಿರದ ಬದಲು ನಾಲ್ಕು ಸಾವಿರ ಬಿಟ್ಟರೆ ಏನಾಗುತ್ತೆ? ಒಂದೊಂದು 2.1 ಕೆಜಿ ಅಂತ ಇಟ್ಟುಕೊಳ್ಳಿ, ಸತ್ತವನ್ನು ಸದ್ಯಕ್ಕೆ ಬಿಡಿ. ಐದು ಸಾವಿರಕ್ಕೆ 10,500 ಕೆಜಿ, ಕೂಲಿ 68,250 ರೂಪಾಯಿ. ನಾಲ್ಕು ಸಾವಿರಕ್ಕೆ 8,400 ಕೆಜಿ, ಕೂಲಿ 54,600. ನನಗೆ ಕಮ್ಮಿ ಬೀಳೋದು ಒಂದು ಬ್ಯಾಚಿಗೆ 13,650 ರೂಪಾಯಿ. ಬ್ಯಾಂಕಿನ ಕಂತು ಹೋದ ಮೇಲೆ ಉಳಿಯುವುದು ಹೆಚ್ಚು ಕಡಿಮೆ ಅಷ್ಟೇ, ಅದನ್ನು ನಾನು ಒಬ್ಬಳೇ ಬಿಟ್ಟುಕೊಡಲು ಆಗಲ್ಲ. ಆದರೆ ಅದೇ ದುಡ್ಡನ್ನು 8,400 ಕೆಜಿಯ ಮೇಲೆ ಹಂಚಿದರೆ ಕೆಜಿಗೆ 1 ರೂಪಾಯಿ 63 ಪೈಸೆ. ಬೆಂಗಳೂರಿನ ಅಂಗಡಿಯಲ್ಲಿ ಕೋಳಿ ರೇಟು ಒಂದು ವಾರದಲ್ಲಿ ಇಪ್ಪತ್ತು ರೂಪಾಯಿ ಏರಿ ಇಳಿಯುತ್ತೆ, ಯಾರೂ ಕೋಳಿ ತಿನ್ನೋದು ಬಿಟ್ಟಿಲ್ಲ. ಎರಡು ರೂಪಾಯಿಗೂ ಕಮ್ಮಿ ದುಡ್ಡಿನಲ್ಲಿ ಪ್ರತಿ ಕೋಳಿಗೂ ಕಾಲು ಅಡಿ ಜಾಗ ಹೆಚ್ಚು ಸಿಗುತ್ತೆ. ಈ ಲೆಕ್ಕವನ್ನು ನಾನು ಸೂಪರ್‌ವೈಸರ್‌ಗೂ ತೋರಿಸಿದೆ, ಅವನ ಮೇಲಿನವರಿಗೂ ತೋರಿಸಿದೆ. ಲೆಕ್ಕ ತಪ್ಪು ಅಂತ ಯಾರೂ ಹೇಳಲಿಲ್ಲ.

ಕತ್ತಲೆಗೆ ಅಷ್ಟೂ ಖರ್ಚಿಲ್ಲ. ರಾತ್ರಿ ಪೂರ್ತಿ ಬಲ್ಬು ಉರಿಸಿದರೆ ಕೋಳಿ ತಿನ್ನುತ್ತಲೇ ಇರುತ್ತೆ ಅಂತ ಎಷ್ಟೋ ಶೆಡ್ಡುಗಳಲ್ಲಿ ಬೆಳಕು ಆರೋದೇ ಇಲ್ಲ. ಯುರೋಪಿನ ನಿಯಮದಲ್ಲಿ ಮೊದಲ ವಾರ ಕಳೆದ ಮೇಲೆ ದಿನಕ್ಕೆ ಕನಿಷ್ಠ ಆರು ಗಂಟೆ ಕತ್ತಲೆ, ಅದರಲ್ಲಿ ನಾಲ್ಕು ಗಂಟೆ ಒಂದೇ ಸಮನೆ ಇರಬೇಕು. ನಾನು ಎರಡನೇ ವಾರದಿಂದ ಸ್ವಲ್ಪ ಸ್ವಲ್ಪವಾಗಿ ಆರಿಸುತ್ತಾ ಹೋಗುತ್ತೀನಿ. ಕೋಳಿಗಳು ಒಟ್ಟಿಗೆ ನಿದ್ದೆ ಮಾಡುತ್ತವೆ, ಬೆಳಗ್ಗೆ ಎದ್ದು ಓಡಾಡುತ್ತವೆ, ಕಾಲಿಗೆ ಬಲ ಬರುತ್ತೆ. ಬೆಳಕಿನಲ್ಲೇ ಬೆಳೆದ ಕೋಳಿಗಳು ಕರೆಂಟು ಹೋದ ತಕ್ಷಣ ಗಾಬರಿಯಾಗಿ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯೋದನ್ನು ಈ ಸೀಮೆಯಲ್ಲಿ ಕೋಳಿ ಸಾಕುವ ಎಲ್ಲರೂ ಕಂಡವರೇ. ಕತ್ತಲೆ ಅಭ್ಯಾಸ ಇರುವ ಹಿಂಡಿಗೆ ಆ ಭಯ ಇಲ್ಲ.

ಕುಂಟುವ ಕೋಳಿಗಳಿಗೆ ಒಂದು ಮೂಲೆಯಲ್ಲಿ ತಟ್ಟಿ ಅಡ್ಡ ಇಟ್ಟು ಬೇರೆ ಜಾಗ ಮಾಡಿದ್ದೀನಿ. ನಿಪ್ಪಲ್ ಎತ್ತರಕ್ಕೆ ಕತ್ತು ಚಾಚಲಾರದೆ ನೀರಿಲ್ಲದೆ ಸಾಯುವ ಕೋಳಿಗಳೇ ಹೆಚ್ಚು, ಅದಕ್ಕೆ ಅಲ್ಲಿ ತಟ್ಟೆಯಲ್ಲಿ ನೀರು. ಕೆಲವು ಚೇತರಿಸಿಕೊಳ್ಳುತ್ತವೆ. ಚೇತರಿಸಿಕೊಳ್ಳಲ್ಲ ಅಂತ ಗೊತ್ತಾದದ್ದನ್ನು ಅವತ್ತೇ ಕತ್ತು ಎಳೆದು ಮುಗಿಸಬೇಕು. ಅದು ಕಷ್ಟದ ಕೆಲಸ. ಆದರೆ ನಾಳೆ ನೋಡೋಣ ಅಂತ ಮೂರು ದಿನ ತೆವಳಲು ಬಿಡೋದು ಅದಕ್ಕಿಂತ ಕೆಟ್ಟದ್ದು.

ಇನ್ನು ಹಿಡಿಯುವ ರಾತ್ರಿ. ಇದರ ಬಗ್ಗೆ ಬರೆಯುವಾಗ ನನ್ನ ಕೈ ಈಗಲೂ ಬಿಗಿಯುತ್ತೆ. ಲಾರಿ ಬರೋದು ನಡುರಾತ್ರಿ. ಹಿಡಿಯುವ ಹುಡುಗರು ಲಾರಿಯ ಜೊತೆ ಬರುತ್ತಾರೆ, ಅವರಿಗೆ ದುಡ್ಡು ಎತ್ತಿದ ಲೆಕ್ಕದ ಮೇಲೆ. ಬೆಳಗಾಗುವುದರೊಳಗೆ ಅತ್ತಿಬೆಲೆ ದಾಟಬೇಕು. ಒಂದೊಂದು ಕೈಯಲ್ಲಿ ನಾಲ್ಕೈದು ಕೋಳಿ, ಒಂದೊಂದೇ ಕಾಲು ಹಿಡಿದು ತಲೆಕೆಳಗಾಗಿ. ಎರಡು ಕೆಜಿ ಮೈ ಒಂದು ಕಾಲಿನ ಮೇಲೆ ನೇತಾಡಿದರೆ ತೊಡೆಯ ಕೀಲು ಕಳಚುತ್ತೆ. ರೆಕ್ಕೆ ಬಡಿದುಕೊಂಡು ಕ್ರೇಟಿನ ಬಾಯಿಗೆ ತಗುಲಿ ಮುರಿಯುತ್ತೆ. ಅಂಗಡಿಯಲ್ಲಿ ರೆಕ್ಕೆ ತುಂಡು ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅದು ಆ ರಾತ್ರಿಯ ಗುರುತು. ನಮ್ಮ ಶೆಡ್ಡಿನಲ್ಲಿ ನಾನು ನಿಂತೇ ಹಿಡಿಸುತ್ತೀನಿ. ಎರಡೂ ಕಾಲು ಸೇರಿಸಿ ಹಿಡಿಯಬೇಕು, ಕೈಗೆ ಮೂರಕ್ಕಿಂತ ಹೆಚ್ಚು ಬೇಡ. ಬಲ್ಬಿಗೆ ನೀಲಿ ಕಾಗದ ಸುತ್ತಿರುತ್ತೀನಿ, ನೀಲಿ ಮಂದ ಬೆಳಕಿನಲ್ಲಿ ಕೋಳಿ ಗಾಬರಿ ಬೀಳೋದು ಕಮ್ಮಿ. ಫೀಡರ್ ಮೊದಲೇ ಎತ್ತಿರಬೇಕು, ನೀರು ಮಾತ್ರ ಕೊನೇವರೆಗೂ ಇರಬೇಕು. ಹುಡುಗರು ಮೊದಲು ಗೊಣಗುತ್ತಾರೆ. ಚಹಾ, ಬಿಸಿ ಬೋಂಡ ಮಾಡಿ ಇಡುತ್ತೀನಿ, ‘ಅಣ್ಣಾ, ನಿಧಾನ’ ಅಂತ ಹೇಳುತ್ತಲೇ ಇರುತ್ತೀನಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತೆ. ಅಷ್ಟೇ. ಆ ಹುಡುಗರಿಗೂ ಅದು ನರಕದ ಕೆಲಸ, ಧೂಳು, ಪರಚು, ನಿದ್ದೆ ಇಲ್ಲ. ಎತ್ತಿದ ಲೆಕ್ಕದ ಬದಲು ಗಂಟೆಯ ಲೆಕ್ಕದಲ್ಲಿ ಅವರಿಗೆ ಕೂಲಿ ಕೊಟ್ಟರೆ ಅರ್ಧ ರೆಕ್ಕೆಗಳು ಉಳಿಯುತ್ತವೆ ಅಂತ ನಾನು ನಂಬಿದ್ದೀನಿ.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. ಪ್ರಾಣಿಗಳ ಸಾಗಣೆಯ 1978ರ ನಿಯಮಗಳಿಗೆ 2001ರಲ್ಲಿ ಕೋಳಿಯನ್ನೂ ಸೇರಿಸಿದರು. ಬಿಸಿಲು, ಮಳೆ, ನೇರ ಗಾಳಿ ತಾಗಬಾರದು, 25 ಡಿಗ್ರಿಗಿಂತ ಹೆಚ್ಚು ಶಾಖ ಇರುವಾಗಲೂ 15 ಡಿಗ್ರಿಗಿಂತ ಕಮ್ಮಿ ಇರುವಾಗಲೂ ಸಾಗಿಸಬಾರದು, ರಸ್ತೆಯಲ್ಲಿ ಸಾಗಿಸುವಾಗ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಡಬಾರದು. ಹೊಸೂರು ರಸ್ತೆಯಲ್ಲಿ ಒಂದು ಬೆಳಗ್ಗೆ ನಿಂತು ನೋಡಿ, ಕ್ರೇಟಿನ ಮೇಲೆ ಕ್ರೇಟು ಇಲ್ಲದ ಲಾರಿ ಎಷ್ಟು ಸಿಗುತ್ತೆ ಅಂತ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. 2017ರ ಜುಲೈಯಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿ, ಮಾಂಸದ ಕೋಳಿ ಎರಡಕ್ಕೂ ಕರಡು ನಿಯಮ ಬರೆದುಕೊಟ್ಟಿತು. ಆ ಕರಡು ಓದಿದವರನ್ನು ನಾನು ನಮ್ಮ ಕಡೆ ಇನ್ನೂ ಕಂಡಿಲ್ಲ. ನಿಯಮ ಬರಲಿ, ಬೇಡ ಅನ್ನಲ್ಲ. ಆದರೆ ನಿಯಮದ ಭಾರವನ್ನೆಲ್ಲ ಸಾಕುವವರ ಮೇಲೆ ಹಾಕಿ ಕೂಲಿ ಹಾಗೇ ಇಟ್ಟರೆ ಸಣ್ಣ ಶೆಡ್ಡುಗಳು ಮುಚ್ಚುತ್ತವೆ, ಕೋಳಿಗಳು ಇನ್ನೂ ದೊಡ್ಡ ಶೆಡ್ಡುಗಳಿಗೆ ಹೋಗುತ್ತವೆ.

ಎಲ್ಲಕ್ಕಿಂತ ಗಟ್ಟಿಯಾದ ಗಂಟು ತಳಿಯದು. ಹಾಸು ಎಷ್ಟೇ ಒಣಗಿರಲಿ, ಕತ್ತಲೆ ಎಷ್ಟೇ ಕೊಡಲಿ, ಈ ಹಕ್ಕಿಯ ಮೈ ಅದರ ಕಾಲಿಗಿಂತ, ಅದರ ಹೃದಯಕ್ಕಿಂತ ಬೇಗ ಬೆಳೆಯುತ್ತೆ. ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತವೆ. ಚೆನ್ನಾಗಿದ್ದ ದೊಡ್ಡ ಕೋಳಿ ಒಮ್ಮೆಲೇ ರೆಕ್ಕೆ ಬಡಿದು ಅಂಗಾತ ಬಿದ್ದು ಸಾಯುತ್ತೆ. ಇವುಗಳ ತಂದೆ ತಾಯಿ ಕೋಳಿಗಳನ್ನು ಸಾಕುವ ಫಾರಂಗಳ ಪಾಡು ಇನ್ನೂ ಕಠಿಣ. ಅವು ಹೊಟ್ಟೆ ತುಂಬ ತಿಂದರೆ ಮೊಟ್ಟೆ ಇಡುವ ವಯಸ್ಸಿನವರೆಗೆ ಆರೋಗ್ಯವಾಗಿ ಉಳಿಯಲ್ಲ. ಅದಕ್ಕೇ ಅಳೆದು ಅಳೆದು ಹಾಕುತ್ತಾರೆ, ಬೆಳೆಯುವ ಕಾಲದಲ್ಲಿ ಅವು ಯಾವಾಗಲೂ ಹಸಿದಿರುತ್ತವೆ. ನಾವು ಮಾರುವ ಪ್ರತಿ ಕೋಳಿಯ ಹಿಂದೆ ಹಸಿದ ತಾಯಿ ಇದ್ದಾಳೆ.

ಬೇರೆ ದಾರಿ ಇಲ್ಲ ಅಂತಲ್ಲ. ನಾರ್ವೆಯ ನೋರ್ಸ್ಕ್ ಶಿಲ್ಲಿಂಗ್ ಅನ್ನುವ ಕಂಪನಿ 2018ರಲ್ಲಿ ವೇಗದ ತಳಿ ಬಿಟ್ಟು ನಿಧಾನವಾಗಿ ಬೆಳೆಯುವ ಹಬ್ಬರ್ಡ್ ತಳಿಗೆ ಬಂತು. ನಮ್ಮಲ್ಲೂ ಬೆಂಗಳೂರಿನ ಹೆಬ್ಬಾಳದಲ್ಲಿ 1989ರಲ್ಲೇ ಗಿರಿರಾಜ ತಳಿ ಮಾಡಿದರು, ಆಮೇಲೆ ಸ್ವರ್ಣಧಾರ ಬಂತು. ಅವು ಹಿತ್ತಲಿಗೆ ಅಂತ ಮಾಡಿದ ತಳಿಗಳು, ಶೆಡ್ಡಿಗೆ ಹಾಗೇ ತರೋಕಾಗಲ್ಲ, ನಿಜ. ಆದರೆ ತಳಿ ಮಾಡುವ ವಿದ್ಯೆ ನಮ್ಮ ಹತ್ತಿರವೇ ಇದೆ. ನಮ್ಮ ಹೊಸೂರಿನಲ್ಲೇ ಕೋಳಿ ಸಾಕಾಣಿಕೆಗೆ ಅಂತಲೇ ಒಂದು ಕಾಲೇಜು ಇದೆ. ಕಾಲು ಗಟ್ಟಿ ಇರುವ, ಏಳೆಂಟು ವಾರಕ್ಕೆ ಎರಡು ಕೆಜಿ ಬರುವ, ನಮ್ಮ ಬಿಸಿಲು ತಡೆಯುವ ಮಾಂಸದ ತಳಿ ಮಾಡುವ ಕೆಲಸವನ್ನು ಅಲ್ಲಿ ಕೈಗೆತ್ತಿಕೊಂಡರೆ ನನ್ನ ಶೆಡ್ಡಿನ ಒಂದು ಭಾಗ ಪರೀಕ್ಷೆಗೆ ಕೊಡುತ್ತೀನಿ. ಖರ್ಚು ಜಾಸ್ತಿ ಅನ್ನೋದನ್ನು ಮುಚ್ಚಿಡಲ್ಲ. ಕೋಳಿಯ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು, ಹೆಚ್ಚು ದಿನ ಇದ್ದರೆ ಹೆಚ್ಚು ತಿನ್ನುತ್ತೆ. ವರ್ಷಕ್ಕೆ ಆಗುವ ಬ್ಯಾಚೂ ಕಮ್ಮಿಯಾಗುತ್ತೆ. ಅದಕ್ಕೇ ಕೂಲಿಯನ್ನು ಕೆಜಿಗೆ ಅಂತ ಅಳೆಯೋದನ್ನು ಬಿಟ್ಟು ಶೆಡ್ಡಿನ ಚದರ ಅಡಿಗೆ, ದಿನಕ್ಕೆ ಇಷ್ಟು ಅಂತ ಮಾಡಿದರೆ ನಿಧಾನದ ಕೋಳಿ ಸಾಕಿದ್ದಕ್ಕೆ ಸಾಕಿದವಳು ಸೋಲಲ್ಲ. ಬಾಡಿಗೆ ಮನೆಗೆ ತಿಂಗಳ ಲೆಕ್ಕ ಇರೋ ಹಾಗೆ.

ಕಂಪನಿ ಕಾಲಂ ಹಾಕುವವರೆಗೆ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೀನಿ. ನೀವೂ ಸಾಕಣೆದಾರರಾಗಿದ್ದರೆ ಮಾಡಿ, ಒಂದು ಗಂಟೆಯ ಕೆಲಸ. ಕೋಳಿ ಎತ್ತುವ ಹಿಂದಿನ ದಿನ ಶೆಡ್ಡಿನ ಐದು ಕಡೆಯಿಂದ, ಅಂದರೆ ನಾಲ್ಕು ಮೂಲೆ ಮತ್ತು ನಡು, ತಲಾ ಇಪ್ಪತ್ತು ಕೋಳಿ ನೋಡಿ. ಒಳ್ಳೇದನ್ನು ಆರಿಸಬೇಡಿ, ಕೈಗೆ ಸಿಕ್ಕಿದ್ದನ್ನು ಹಿಡಿಯಿರಿ. ಅಂಗಾಲು ನಯವಾಗಿದ್ದರೆ 0, ಕಂದು ಕಲೆ ಇದ್ದರೆ 1, ಕಪ್ಪಗೆ ಹುಣ್ಣಾಗಿದ್ದರೆ 2. ಹಿಡಿಯುವ ಮುಂಚೆ ನಡೆಯಲು ಬಿಟ್ಟು, ಚೆನ್ನಾಗಿ ನಡೆಯಿತಾ, ಕುಂಟಿತಾ, ಏಳಲೇ ಇಲ್ಲವಾ ಅಂತಲೂ ಗುರುತು ಹಾಕಿ. ಪಕ್ಕದಲ್ಲಿ ತಿಂಗಳು, ಮಳೆಯೋ ಬಿಸಿಲೋ, ಎಷ್ಟು ಕೋಳಿ ಬಿಟ್ಟಿದ್ದಿರಿ, ಹಾಸು ಯಾವುದು, ರಾತ್ರಿ ಎಷ್ಟು ಗಂಟೆ ಕತ್ತಲೆ ಕೊಟ್ಟಿರಿ ಬರೆಯಿರಿ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಮ್ಮ ಕಡೆಯ ಸಾಕಣೆದಾರರು ಒಟ್ಟಿಗೆ ಕೂರುತ್ತಿದ್ದೀವಿ. ಕೂಲಿ ಏರಿಸಿ ಅಂತ ಕೇಳೋದು ಹೇಗೂ ಇದೆ. ಅದರ ಜೊತೆ ಪಾದದ ಕಾಲಂ, ಬೇಸಿಗೆಯಲ್ಲಿ ಸಂಖ್ಯೆ ಇಳಿಸಿದರೆ ಅದಕ್ಕೆ ತಕ್ಕ ದುಡ್ಡು, ಹಿಡಿಯುವವರಿಗೆ ಗಂಟೆಯ ಕೂಲಿ, ಈ ಮೂರನ್ನೂ ಕಾಗದದಲ್ಲಿ ಬರೆಸಬೇಕು ಅಂತ ನಾನು ಹೇಳಲಿದ್ದೀನಿ. ಬರುವವರು ನಿಮ್ಮ ನೋಟ್‌ಬುಕ್ಕನ್ನೂ ತನ್ನಿ. ತಮಿಳಲ್ಲಿ ಬರೆದಿದ್ದರೂ ಆಯಿತು, ತೆಲುಗಲ್ಲಿ ಬರೆದಿದ್ದರೂ ಆಯಿತು, ಕೂಡಿಸಿ ಒಂದೇ ಪಟ್ಟಿ ಮಾಡೋಣ.